ಮಾಂಗೋಡಿಬಿ ಕಲೆಕ್ಷನ್‌ಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಗೋಡಿಬಿ ಒಂದು ಡೇಟಾಬೇಸ್ ಸಾಫ್ಟ್‌ವೇರ್. ಅದರಲ್ಲಿ ಒಂದೊಂದು ದಾಖಲೆಗೆ ಡಾಕ್ಯುಮೆಂಟ್ ಅನ್ನುತ್ತಾರೆ, ಅವುಗಳ ಗುಂಪಿಗೆ ಕಲೆಕ್ಷನ್. ಕಲೆಕ್ಷನ್ ಕಾಪಿ ಮಾಡುವುದು ಸುಲಭ, ಎರಡು ಕಮಾಂಡ್ ಸಾಕು. ಕಾಪಿ ನಡೆಯುತ್ತಿರುವ ಹೊತ್ತಲ್ಲೇ ಹಳೇ ಸರ್ವರ್‌ಗೆ ಬಂದು ಬೀಳುವ ಹೊಸ ಡೇಟಾ ಏನು ಮಾಡುವುದು, ಹೋಗಿದ್ದೆಲ್ಲ ನೆಟ್ಟಗೆ ಹೋಯಿತಾ ಅಂತ ಹೇಗೆ ನೋಡುವುದು, ತಲೆನೋವು ಇರುವುದು ಅಲ್ಲಿ. ಆದರೆ ನನ್ನನ್ನು ಕೇಳುವವರೆಲ್ಲ ಮೊದಲು ಕೇಳುವುದು ಕಮಾಂಡ್ ಯಾವುದು ಅಂತಲೇ. ಅದಕ್ಕೆ ಅಲ್ಲಿಂದಲೇ ಶುರು ಮಾಡುತ್ತೇನೆ. ಕಮಾಂಡ್ ಮತ್ತು ಆಯ್ಕೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವ ಮುಂಚೆ ಒಂದು ಸಲ ಆ ಕಮಾಂಡ್‌ನ ಹೆಲ್ಪ್ ತೆರೆದು ಸ್ಪೆಲಿಂಗ್ ನೋಡಿಕೊಳ್ಳಿ.

ಒಂದೇ ಒಂದು ಕಲೆಕ್ಷನ್ ಸಾಗಿಸಬೇಕು. ಸುಲಭದ ದಾರಿ ಯಾವುದು?

ಮಾಂಗೋಡಂಪ್ ಮತ್ತು ಮಾಂಗೋರಿಸ್ಟೋರ್. ಹಳೇ ಸರ್ವರ್ ಮೇಲೆ ಡೇಟಾಬೇಸ್ ಹೆಸರು, ಕಲೆಕ್ಷನ್ ಹೆಸರು ಕೊಟ್ಟು ಡಂಪ್ ಓಡಿಸಿ. ಒಂದು ಫೋಲ್ಡರ್ ಆಗುತ್ತದೆ, ಅದರಲ್ಲಿ ಎರಡು ಫೈಲ್ ಇರುತ್ತವೆ: ಒಂದು ಬಿಸಾನ್ ಫೈಲ್ (ಡೇಟಾ ಇರುವುದು ಇದರಲ್ಲಿ), ಇನ್ನೊಂದು ಮೆಟಾಡೇಟಾ ಜೇಸಾನ್ ಫೈಲ್ (ಕಲೆಕ್ಷನ್ ಬಗೆಗಿನ ವಿವರ). ಎರಡನ್ನೂ ಹೊಸ ಸರ್ವರ್‌ಗೆ ಕಾಪಿ ಮಾಡಿ ಅಲ್ಲಿ ರಿಸ್ಟೋರ್ ಓಡಿಸಿದರೆ ಆಯಿತು.

ಆ ಮೆಟಾಡೇಟಾ ಫೈಲ್ ಕೆಲವೇ ಕೆಬಿ ಇರುತ್ತದೆ, ಹಾಗಾಗಿ ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಡೇಟಾ ಬೇಗ ಹುಡುಕಲು ಮಾಡಿಟ್ಟ ಇಂಡೆಕ್ಸ್‌ಗಳ ವಿವರ ಇರುವುದು ಅದರಲ್ಲೇ. ಅದನ್ನು ಬಿಟ್ಟು ಬರೀ ಬಿಸಾನ್ ಒಯ್ದರೆ ಡೇಟಾ ಪೂರ್ತಿ ಬರುತ್ತದೆ, ಆದರೆ ಐಡಿ ಫೀಲ್ಡಿನ ಇಂಡೆಕ್ಸ್ ಬಿಟ್ಟು ಬೇರೆ ಯಾವುದೂ ಇರುವುದಿಲ್ಲ. ಆಮೇಲೆ ಆ್ಯಪ್ ಆಮೆಯಂತೆ ತೆವಳುತ್ತದೆ, ಎಲ್ಲರೂ ಸೇರಿ ಹೊಸ ಸರ್ವರ್ ಸರಿ ಇಲ್ಲ ಅಂತ ಬೈಯುತ್ತಾರೆ.

ಸರ್ವರ್‌ನಲ್ಲಿ ಮಾಂಗೋಡಂಪ್ ಕಮಾಂಡೇ ಇಲ್ಲ ಅನ್ನುತ್ತಿದೆ?

4.4 ಆವೃತ್ತಿಯಿಂದ ಈ ಟೂಲ್‌ಗಳು ಸರ್ವರ್‌ನಿಂದ ಬೇರೆಯಾಗಿ ಬಿಡುಗಡೆಯಾಗುತ್ತಿವೆ. ‘ಡೇಟಾಬೇಸ್ ಟೂಲ್ಸ್’ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಅದರ ಆವೃತ್ತಿ ಸಂಖ್ಯೆ 100ರಿಂದ ಶುರುವಾಗುತ್ತದೆ, ಗಾಬರಿ ಬೇಡ.

ನಡುವೆ ಫೈಲ್ ಇಲ್ಲದೆ ನೇರವಾಗಿ ಕಳಿಸಬಹುದಾ? ಡಿಸ್ಕ್‌ನಲ್ಲಿ ಜಾಗ ಇಲ್ಲ.

ಕಳಿಸಬಹುದು. ಡಂಪ್‌ಗೆ ‘ಆರ್ಕೈವ್’ ಆಯ್ಕೆಯನ್ನು ಫೈಲ್ ಹೆಸರಿಲ್ಲದೆ ಕೊಟ್ಟರೆ ಅದು ಎಲ್ಲವನ್ನೂ ಒಂದೇ ಧಾರೆಯಾಗಿ ಹೊರಗೆ ಸುರಿಯುತ್ತದೆ. ಅದನ್ನು ಪೈಪ್ ಹಾಕಿ ರಿಸ್ಟೋರ್‌ಗೆ ಕೊಡಿ, ಅಲ್ಲೂ ‘ಆರ್ಕೈವ್’ ಹಾಕಿ. ಡೇಟಾವನ್ನು ಒತ್ತಿ ಚಿಕ್ಕದು ಮಾಡುವ ‘ಜಿಜಿಪ್’ ಹಾಕುವುದಾದರೆ ಎರಡೂ ಕಡೆ ಹಾಕಬೇಕು. ನೆಟ್‌ವರ್ಕ್ ನಿಧಾನ ಇದ್ದರೆ ಇದರಿಂದ ತುಂಬಾ ಲಾಭ ಇದೆ.

ಆದರೆ ಈ ಪೈಪನ್ನು ಎಲ್ಲಿ ಓಡಿಸುತ್ತೀರಿ ಅನ್ನುವುದು ಮುಖ್ಯ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಅಷ್ಟೂ ಡೇಟಾ ಹಳೇ ಸರ್ವರ್‌ನಿಂದ ನಿಮ್ಮ ಮನೆಯ ವೈಫೈಗೆ ಬಂದು, ಅಲ್ಲಿಂದ ಮತ್ತೆ ಹೊಸ ಸರ್ವರ್‌ಗೆ ಹೋಗುತ್ತದೆ. ಎರಡು ಸರ್ವರ್‌ಗಳಲ್ಲಿ ಒಂದಕ್ಕೆ ಲಾಗಿನ್ ಆಗಿ ಅಲ್ಲೇ ಓಡಿಸಿ, ಅದೂ ಲಾಗಿನ್ ತುಂಡಾದರೂ ಕೆಲಸ ಓಡಿಸುತ್ತಲೇ ಇರುವ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ. ನಡುವೆ ತುಂಡಾದರೆ ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಇಲ್ಲ, ಮೊದಲಿಂದ ಶುರು ಮಾಡಬೇಕು. ಕರೆಂಟ್ ಹೋಗಿ ರೂಟರ್ ಆಫ್ ಆದರೆ ಮೂರು ಗಂಟೆಯ ಕೆಲಸ ನೀರಲ್ಲಿ ಹೋಮ.

ಒಂದು ಸರ್ವರ್ ಇನ್ನೊಂದಕ್ಕೆ ಕನೆಕ್ಟ್ ಆಗುತ್ತಿಲ್ಲ. ಪೋರ್ಟ್ ಓಪನ್ ಮಾಡಲಾ?

ಇಡೀ ಜಗತ್ತಿಗೆ ತೆರೆಯಬೇಡಿ. ಸರ್ವರ್ ಯಾವ ವಿಳಾಸದಲ್ಲಿ ಕನೆಕ್ಷನ್ ತೆಗೆದುಕೊಳ್ಳಬೇಕು ಅಂತ ಹೇಳುವ ‘ಬೈಂಡ್ ಐಪಿ’ಯನ್ನು ನಾಲ್ಕು ಸೊನ್ನೆಗೆ (0.0.0.0, ಅಂದರೆ ಎಲ್ಲ ವಿಳಾಸ) ಬದಲಿಸಿ, ಪಾಸ್‌ವರ್ಡ್ ಇಲ್ಲದೆ 27017 ಪೋರ್ಟ್ ಬಿಟ್ಟುಕೊಂಡವರ ಕಥೆ 2017ರ ಜನವರಿಯಲ್ಲಿ ಎಲ್ಲರೂ ನೋಡಿದ್ದೇವೆ. ಸಾವಿರಾರು ಡೇಟಾಬೇಸ್‌ಗಳನ್ನು ಅಳಿಸಿ, ಬಿಟ್‌ಕಾಯಿನ್ ಕೊಟ್ಟರೆ ವಾಪಸ್ ಕೊಡುತ್ತೇವೆ ಅಂತ ಚೀಟಿ ಇಟ್ಟು ಹೋದರು. ‘ಅರ್ಧ ಗಂಟೆಗೆ ಮಾತ್ರ’ ಅನ್ನುವವರೂ ಇದ್ದಾರೆ. ತೆರೆದ ಪೋರ್ಟ್ ಹುಡುಕುವುದು ಮನುಷ್ಯರಲ್ಲ, ಹಗಲೂ ರಾತ್ರಿ ಸ್ಕ್ಯಾನ್ ಮಾಡುವ ಪ್ರೋಗ್ರಾಂಗಳು. ಅವಕ್ಕೆ ಅರ್ಧ ಗಂಟೆ ಧಾರಾಳ ಸಾಕು.

ಎಸ್‌ಎಸ್‌ಎಚ್ ಟನೆಲ್ (ಎರಡು ಯಂತ್ರಗಳ ನಡುವಿನ ಸುರಕ್ಷಿತ ದಾರಿ) ಹಾಕಿ. ಹೊಸ ಸರ್ವರ್‌ನ 27018 ಪೋರ್ಟನ್ನು ಹಳೇದರ 27017ಕ್ಕೆ ಜೋಡಿಸಿದರೆ, ಹಳೇ ಡೇಟಾಬೇಸ್ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಕೆಲಸ ಮುಗಿದ ಮೇಲೆ ಟನೆಲ್ ಮುಚ್ಚಿಬಿಡಿ.

ಪಾಸ್‌ವರ್ಡ್ ಸರಿ ಇದೆ, ಆದರೂ ಒಳಗೆ ಬಿಡುತ್ತಿಲ್ಲ.

ಪಾಸ್‌ವರ್ಡ್‌ನಲ್ಲಿ @ ಇದೆಯಾ ನೋಡಿ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಅದನ್ನು %40 ಅಂತ ಬರೆಯಬೇಕು. ಅದೂ ಅಲ್ಲದಿದ್ದರೆ ಯೂಸರ್ ಯಾವ ಡೇಟಾಬೇಸ್‌ನಲ್ಲಿ ಇದ್ದಾನೆ ಅಂತ ಹೇಳುವ ‘ಆಥ್ ಸೋರ್ಸ್’ ಅನ್ನು ಅಡ್ಮಿನ್ ಅಂತ ಕೊಟ್ಟು ನೋಡಿ. ಹತ್ತರಲ್ಲಿ ಒಂಬತ್ತು ಸಲ ಇವೆರಡರಲ್ಲಿ ಒಂದೇ ಇರುತ್ತದೆ.

ಕಾಪಿ ಡಿಬಿ ಅಂತ ಒಂದು ಕಮಾಂಡ್ ಇತ್ತಲ್ವಾ?

ಇತ್ತು. 4.0ರಲ್ಲಿ ಅದನ್ನು ಬಳಸಬೇಡಿ ಅಂದರು, 4.2ರಲ್ಲಿ ತೆಗೆದೇಹಾಕಿದರು. ಹುಡುಕಿದರೆ ಸಿಗುವ ಹಳೇ ಉತ್ತರಗಳಲ್ಲಿ ಅದಿನ್ನೂ ಇದೆ, ಅಷ್ಟೇ. ‘ರಿನೇಮ್ ಕಲೆಕ್ಷನ್’, ಅಗ್ರಿಗೇಶನ್‌ನ ‘ಔಟ್’, ‘ಮರ್ಜ್’ ಇವೆಲ್ಲ ಅದೇ ಸರ್ವರ್ ಒಳಗೆ ಕೆಲಸ ಮಾಡುತ್ತವೆ. ಸರ್ವರ್ ದಾಟುವುದಿಲ್ಲ.

ಎಷ್ಟು ಹೊತ್ತು ಹಿಡಿಯುತ್ತದೆ?

ಸೆಕೆಂಡಿಗೆ 100 ಮೆಗಾಬಿಟ್ ಲೈನ್ ಇದ್ದರೆ ಹೆಚ್ಚೆಂದರೆ ಸೆಕೆಂಡಿಗೆ 12.5 ಎಂಬಿ. ಆ ಲೆಕ್ಕದಲ್ಲಿ 100 ಜಿಬಿಗೆ 8,000 ಸೆಕೆಂಡ್, ಅಂದರೆ ಸುಮಾರು ಎರಡೂಕಾಲು ಗಂಟೆ. ಇದು ಬರೀ ಸಾಗಣೆ. ಡೇಟಾ ಸೇರಿದ ಮೇಲೆ ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಬೇಕು, ಏಳೆಂಟು ಇಂಡೆಕ್ಸ್ ಇರುವ ದೊಡ್ಡ ಕಲೆಕ್ಷನ್‌ನಲ್ಲಿ ಸಾಗಣೆಗಿಂತ ಇದಕ್ಕೇ ಜಾಸ್ತಿ ಹೊತ್ತು ಹೋಗಿದ್ದನ್ನು ನೋಡಿದ್ದೇನೆ. ಪರದೆ ಮೇಲೆ ನೂರು ಪರ್ಸೆಂಟ್ ಅಂತ ಬಂದು ಅಲ್ಲೇ ನಿಂತರೆ ಹ್ಯಾಂಗ್ ಆಗಿದೆ ಅಂದುಕೊಂಡು ಕಂಟ್ರೋಲ್ ಸಿ ಒತ್ತಬೇಡಿ, ಇಂಡೆಕ್ಸ್ ಕಟ್ಟುತ್ತಿರುತ್ತದೆ.

ಡಂಪ್ ಗಾತ್ರ ನೋಡಿಯೂ ಜನ ಗಲಿಬಿಲಿಯಾಗುತ್ತಾರೆ. ಡಿಸ್ಕ್ ಮೇಲೆ ಮಾಂಗೋಡಿಬಿಯ ಸ್ಟೋರೇಜ್ ಎಂಜಿನ್ ಆದ ವೈರ್ಡ್‌ಟೈಗರ್ ಡೇಟಾವನ್ನು ಸ್ನ್ಯಾಪಿ ಅನ್ನುವ ವಿಧಾನ ಬಳಸಿ ಒತ್ತಿ ಇಟ್ಟಿರುತ್ತದೆ. ಡಂಪ್‌ನಲ್ಲಿ ಆ ಒತ್ತುವಿಕೆ ಇರುವುದಿಲ್ಲ, ಹಾಗೆಯೇ ಇಂಡೆಕ್ಸ್‌ಗಳೂ ಇರುವುದಿಲ್ಲ. ಹಾಗಾಗಿ ಡಂಪ್ ಡಿಸ್ಕ್ ಗಾತ್ರಕ್ಕಿಂತ ದೊಡ್ಡದೂ ಆಗಬಹುದು, ಚಿಕ್ಕದೂ ಆಗಬಹುದು. ಊಹೆ ಮಾಡುವ ಬದಲು ಒಂದು ಸಲ ಪ್ರಾಕ್ಟೀಸ್ ರನ್ ಮಾಡಿ ಗಡಿಯಾರ ನೋಡಿ.

ಡಂಪ್ ಓಡುವಾಗ ಆ್ಯಪ್ ನಿಧಾನ ಆಗುತ್ತಾ?

ಆಗುತ್ತದೆ. ಡಂಪ್ ಇಡೀ ಕಲೆಕ್ಷನ್ ಓದುವುದರಿಂದ ಆ್ಯಪ್‌ಗೆ ಬೇಕಾದ ಬಿಸಿ ಡೇಟಾ ಕ್ಯಾಶ್‌ನಿಂದ ಹೊರಗೆ ತಳ್ಳಲ್ಪಡುತ್ತದೆ. ರೆಪ್ಲಿಕಾ ಸೆಟ್ (ಒಂದೇ ಡೇಟಾ ಇಟ್ಟುಕೊಂಡ ಸರ್ವರ್‌ಗಳ ಗುಂಪು; ಬರೆಯುವುದು ಪ್ರೈಮರಿಗೆ, ಅದರ ಪ್ರತಿ ಇಟ್ಟುಕೊಳ್ಳುವುದು ಸೆಕೆಂಡರಿ) ಇದ್ದರೆ ಸೆಕೆಂಡರಿಯಿಂದ ಓದಿಸಿ.

ಆ್ಯಪ್ ನಿಲ್ಲಿಸದೆ ಸಾಗಿಸಬಹುದಾ?

ನಿಜವಾದ ಪ್ರಶ್ನೆ ಇದು.

ಮೊದಲು ಒಂದು ವಿಷಯ. ಡಂಪ್ ಅಂದರೆ ಫೋಟೋ ಅಲ್ಲ. ಹತ್ತು ಗಂಟೆಗೆ ಶುರುವಾಗಿ ಹನ್ನೆರಡಕ್ಕೆ ಮುಗಿದ ಡಂಪ್‌ನಲ್ಲಿ ಕೆಲವು ಡಾಕ್ಯುಮೆಂಟ್ ಹತ್ತರ ಸ್ಥಿತಿಯಲ್ಲಿ, ಕೆಲವು ಹನ್ನೆರಡರ ಸ್ಥಿತಿಯಲ್ಲಿ ಇರುತ್ತವೆ. ಆರ್ಡರ್ ಒಂದು ಕಲೆಕ್ಷನ್‌ನಲ್ಲಿ, ಪೇಮೆಂಟ್ ಇನ್ನೊಂದರಲ್ಲಿ ಇದ್ದರೆ ಪೇಮೆಂಟ್ ಇದೆ ಆರ್ಡರ್ ಇಲ್ಲ ಅನ್ನುವ ಚಿತ್ರ ಬರಬಹುದು. ಡಂಪ್‌ಗೆ ‘ಆಪ್‌ಲಾಗ್’ ಅಂತ ಒಂದು ಆಯ್ಕೆ ಇದೆ. ಅದು ನಡುವೆ ಆದ ಬದಲಾವಣೆಗಳನ್ನೂ ಹಿಡಿದುಕೊಳ್ಳುತ್ತದೆ, ರಿಸ್ಟೋರ್ ಮಾಡುವಾಗ ಅವನ್ನು ಮೇಲೆ ಹಚ್ಚಬಹುದು. ಆದರೆ ಅದು ರೆಪ್ಲಿಕಾ ಸೆಟ್‌ನಲ್ಲಿ, ಇಡೀ ಸರ್ವರ್ ಡಂಪ್ ಮಾಡುವಾಗ ಮಾತ್ರ ನಡೆಯುತ್ತದೆ. ಒಂದು ಕಲೆಕ್ಷನ್‌ಗೆ ಇಲ್ಲ.

ಹಾಗಾದರೆ ದಾರಿ ಏನು? ನಿಮ್ಮ ಡೇಟಾ ಹತ್ತಿಪ್ಪತ್ತು ಜಿಬಿ ಒಳಗೆ ಇದ್ದರೆ, ಭಾನುವಾರ ಬೆಳಗಿನ ಜಾವ ಒಂದು ಗಂಟೆ ಆ್ಯಪ್ ನಿಲ್ಲಿಸಿ ಕೆಲಸ ಮುಗಿಸಿ. ನಿಜವಾಗಿ ಹೇಳುತ್ತೇನೆ. ಒಂದು ಗಂಟೆ ಡೌನ್‌ಟೈಮ್ ಉಳಿಸಲು ಎರಡು ವಾರ ಜಾಣತನದ ಸ್ಕ್ರಿಪ್ಟ್ ಬರೆದವರನ್ನು ನೋಡಿದ್ದೇನೆ, ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಬಳಕೆದಾರರಿಗೆ ಮೊದಲೇ ಒಂದು ಮೆಸೇಜ್ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ.

ನಿಲ್ಲಿಸಲು ಆಗುವುದೇ ಇಲ್ಲ ಅಂದರೆ, ಎರಡು ಹಂತದಲ್ಲಿ ಮಾಡಿ. ಮೊದಲು ಆ್ಯಪ್ ಓಡುತ್ತಿರುವಾಗಲೇ ದೊಡ್ಡ ಕಾಪಿ. ಆಮೇಲೆ ರೈಟ್‌ಗಳನ್ನು ಐದು ಹತ್ತು ನಿಮಿಷ ನಿಲ್ಲಿಸಿ, ನಡುವೆ ಬದಲಾದದ್ದನ್ನು ಮಾತ್ರ ತರುವುದು. ಇದಕ್ಕೆ ಪ್ರತಿ ಡಾಕ್ಯುಮೆಂಟ್‌ನಲ್ಲಿ ‘ಅಪ್‌ಡೇಟೆಡ್ ಅಟ್’ ತರಹದ ಫೀಲ್ಡ್ ಇರಬೇಕು, ಅದನ್ನು ಪ್ರತಿ ಕೋಡ್ ದಾರಿಯೂ ಬದಲಿಸುತ್ತಿರಬೇಕು. ಯಾರೋ ಶೆಲ್‌ನಲ್ಲಿ ಕೈಯಾರೆ ಮಾಡಿದ ಅಪ್‌ಡೇಟ್ ಇದಕ್ಕೆ ಸಿಗುವುದಿಲ್ಲ. ಡಂಪ್ ಶುರುವಾದ ಹೊತ್ತಿಗಿಂತ ಹತ್ತು ನಿಮಿಷ ಹಿಂದಿನಿಂದ ತೆಗೆದುಕೊಳ್ಳಿ, ಎರಡೆರಡು ಸಲ ಬಂದರೆ ನಷ್ಟವಿಲ್ಲ. ಕೆಲವರು, ಡಾಕ್ಯುಮೆಂಟ್‌ಗೆ ತಾನಾಗಿ ಸಿಗುವ ಆಬ್ಜೆಕ್ಟ್ ಐಡಿಯ ಮೊದಲ 4 ಬೈಟ್‌ನಲ್ಲಿ ಸಮಯ ಇರುತ್ತದಲ್ಲ, ಅದನ್ನೇ ಬಳಸುತ್ತೇವೆ ಅನ್ನುತ್ತಾರೆ. ಅದು ಹೊಸದಾಗಿ ಹುಟ್ಟಿದ್ದನ್ನು ತೋರಿಸುತ್ತದೆ, ಹಳೇದು ಬದಲಾದದ್ದನ್ನು ತೋರಿಸುವುದಿಲ್ಲ.

ಇನ್ನು ಡಿಲೀಟ್. ನಡುವೆ ಹಳೇ ಸರ್ವರ್‌ನಲ್ಲಿ ಅಳಿಸಿಹೋದ ಡಾಕ್ಯುಮೆಂಟ್ ಹೊಸದರಲ್ಲಿ ಜೀವಂತ ಉಳಿಯುತ್ತದೆ. ಅಕೌಂಟ್ ಅಳಿಸಿ ಅಂತ ಕೇಳಿ ಅಳಿಸಿಕೊಂಡ ಬಳಕೆದಾರ ಮತ್ತೆ ಪ್ರತ್ಯಕ್ಷ ಆಗುತ್ತಾನೆ. ಎರಡೂ ಕಡೆಯ ಐಡಿಗಳ ಪಟ್ಟಿ ತೆಗೆದು ಹೋಲಿಸಬೇಕು, ಇಲ್ಲವೇ 3.6ರಿಂದ ಬಂದಿರುವ ಚೇಂಜ್ ಸ್ಟ್ರೀಮ್ (ಬದಲಾವಣೆಗಳನ್ನು ಆದಂತೆ ತಿಳಿಸುವ ಸೌಲಭ್ಯ) ಕೇಳುವ ಒಂದು ಸಣ್ಣ ಪ್ರೋಗ್ರಾಂ ಬರೆದು, ಡಂಪ್ ಶುರು ಮಾಡುವ ಮುಂಚೆಯೇ ಅದನ್ನು ಓಡಿಸಿಟ್ಟುಕೊಳ್ಳಬೇಕು. ಚೇಂಜ್ ಸ್ಟ್ರೀಮ್‌ಗೂ ರೆಪ್ಲಿಕಾ ಸೆಟ್ ಬೇಕು.

ಒಂದೆರಡು ಕಲೆಕ್ಷನ್ ಬದಲು ಇಡೀ ಸರ್ವರನ್ನೇ ಸಾಗಿಸುವುದಾದರೆ?

ಆಗ ಡಂಪ್ ಸಹವಾಸವೇ ಬೇಡ. ಹೊಸ ಸರ್ವರನ್ನು ಹಳೇ ರೆಪ್ಲಿಕಾ ಸೆಟ್‌ಗೆ ಒಬ್ಬ ಸದಸ್ಯನಂತೆ ಸೇರಿಸಿ. ಅದೇ ಎಲ್ಲ ಕಾಪಿ ಮಾಡಿಕೊಂಡು, ಬದಲಾವಣೆಗಳನ್ನೂ ಹಿಂಬಾಲಿಸಿ ಬಂದು ಸಮಕ್ಕೆ ನಿಲ್ಲುತ್ತದೆ. ಆಮೇಲೆ ಹಳೇ ಪ್ರೈಮರಿಗೆ ‘ಸ್ಟೆಪ್ ಡೌನ್’ ಹೇಳಿದರೆ ಹೊಸದು ಪ್ರೈಮರಿ ಆಗುತ್ತದೆ. ಆ್ಯಪ್‌ಗೆ ಕೆಲವೇ ಸೆಕೆಂಡ್ ತಡವರಿಕೆ. ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿಲ್ಲ. ಡಿಲೀಟ್, ಅಪ್‌ಡೇಟ್ ಯಾವುದರ ಚಿಂತೆಯೂ ಇರುವುದಿಲ್ಲ. ಒಂಟಿ ಸರ್ವರ್ ಇದ್ದರೂ, ರೆಪ್ಲಿಕಾ ಸೆಟ್ ಹೆಸರು ಕೊಟ್ಟು ಒಂದು ಸಲ ರೀಸ್ಟಾರ್ಟ್ ಮಾಡಿ ‘ಇನಿಶಿಯೇಟ್’ ಓಡಿಸಿದರೆ ಅದು ಏಕ ಸದಸ್ಯನ ಸೆಟ್ ಆಗುತ್ತದೆ.

ಮೂರು ಕಡೆ ಜನ ಎಡವುತ್ತಾರೆ. ಹೊಸ ಸದಸ್ಯನನ್ನು ಸೇರಿಸುವಾಗ ಪ್ರಯಾರಿಟಿ 0, ವೋಟ್ 0 ಕೊಡಿ. ಇಬ್ಬರಿಗೂ ವೋಟ್ ಇದ್ದು ಹೊಸದು ಕಾಪಿ ನಡುವೆ ಬಿದ್ದರೆ ಬಹುಮತ ಹೋಗಿ, ಚೆನ್ನಾಗಿದ್ದ ಹಳೇ ಸರ್ವರ್ ಕೂಡ ರೈಟ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಸಮಕ್ಕೆ ಬಂದ ಮೇಲೆ ವೋಟ್ ಮತ್ತು ಪ್ರಯಾರಿಟಿ ಕೊಡಿ. ಎರಡನೇದು, ಸೆಟ್‌ನ ಸಂರಚನೆಯಲ್ಲಿ ಹಳೇ ಸರ್ವರ್ ಹೆಸರು ಲೋಕಲ್‌ಹೋಸ್ಟ್ ಅಂತ ಇದ್ದರೆ ಹೊಸದು ತನ್ನನ್ನೇ ತಾನು ಹುಡುಕುತ್ತಾ ಕೂರುತ್ತದೆ, ಎರಡೂ ಕಡೆಯಿಂದ ಸಿಗುವ ಹೆಸರು ಹಾಕಿ. ಮೂರನೇದು, ಆದ ಬದಲಾವಣೆಗಳನ್ನೆಲ್ಲ ಬರೆದಿಡುವ ಆಪ್‌ಲಾಗ್‌ನ ಗಾತ್ರ. ಅದು ತುಂಬಿದ ಮೇಲೆ ಹಳೇದನ್ನು ಅಳಿಸಿ ಹೊಸದು ಬರೆಯುತ್ತದೆ. ಕಾಪಿಗೆ ಹತ್ತು ಗಂಟೆ ಬೇಕಿದ್ದು ಆಪ್‌ಲಾಗ್‌ನಲ್ಲಿ ನಾಲ್ಕು ಗಂಟೆಯಷ್ಟೇ ಹಿಡಿಸಿದರೆ ಹೊಸ ಸದಸ್ಯ ಹಿಂದೆ ಬಿದ್ದು ಕೈಚೆಲ್ಲಬಹುದು. ಮೊದಲೇ ದೊಡ್ಡದು ಮಾಡಿಕೊಳ್ಳಿ.

ಎರಡು ಬೇರೆ ಬೇರೆ ಕ್ಲಸ್ಟರ್‌ಗಳ ನಡುವೆ ಹೀಗೇ ಬೆನ್ನಟ್ಟಿ ಕಾಪಿ ಮಾಡಲು ಮಾಂಗೋಸಿಂಕ್ ಅನ್ನುವ ಟೂಲ್ ಕೂಡ ಇದೆ. ದೊಡ್ಡ ಸಾಗಣೆ ಇದ್ದರೆ ನೋಡಿ.

ರಿಸ್ಟೋರ್‌ನಲ್ಲಿ ‘ಡ್ರಾಪ್’ ಆಯ್ಕೆ ಹಾಕಬೇಕಾ?

ಅದು ಏನು ಮಾಡುತ್ತದೆ ಗೊತ್ತಿದ್ದರೆ ಹಾಕಿ. ಡಂಪ್‌ನಲ್ಲಿರುವ ಪ್ರತಿ ಕಲೆಕ್ಷನ್ನನ್ನೂ ಗುರಿ ಸರ್ವರ್‌ನಲ್ಲಿ ಮೊದಲು ಅಳಿಸಿ, ಆಮೇಲೆ ತುಂಬುತ್ತದೆ. ‘ಖಚಿತವಾ?’ ಅಂತ ಕೇಳುವುದಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಎರಡು ಟರ್ಮಿನಲ್ ತೆರೆದುಕೊಂಡು ಕೂತಿದ್ದೆ, ಎರಡೂ ಕಪ್ಪು, ಎರಡರಲ್ಲೂ ಒಂದೇ ತರಹದ ಪ್ರಾಂಪ್ಟ್. ಟೆಸ್ಟ್ ಸರ್ವರ್‌ಗೆ ಹೋಗಬೇಕಿದ್ದ ರಿಸ್ಟೋರ್ ಡ್ರಾಪ್ ಸಮೇತ ಪ್ರೊಡಕ್ಷನ್‌ಗೆ ಹೋಯಿತು. ಕಂಟ್ರೋಲ್ ಸಿ ಒತ್ತುವಷ್ಟರಲ್ಲಿ ಬಳಕೆದಾರರ ಕಲೆಕ್ಷನ್ ಜಾಗದಲ್ಲಿ ಟೆಸ್ಟ್ ಡೇಟಾ ಬಂದು ಕೂತಿತ್ತು. ರಾತ್ರಿ ಎರಡು ಗಂಟೆಯ ಬ್ಯಾಕಪ್ ಇತ್ತು, ಪುಣ್ಯ. ಎರಡರಿಂದ ಬೆಳಗ್ಗೆ ಹನ್ನೊಂದರ ತನಕದ್ದು ಹೋಯಿತು. ಅಂದಿನಿಂದ ಪ್ರೊಡಕ್ಷನ್ ಟರ್ಮಿನಲ್‌ಗೆ ಕೆಂಪು ಬಣ್ಣ ಹಾಕಿಕೊಂಡಿದ್ದೇನೆ, ಸಾಗಣೆಗೆ ಬಳಸುವ ಯೂಸರ್‌ಗೆ ಹಳೇ ಸರ್ವರ್‌ನಲ್ಲಿ ಓದುವ ಹಕ್ಕು ಮಾತ್ರ ಕೊಡುತ್ತೇನೆ.

ಡ್ರಾಪ್ ಹಾಕದೆ ಮತ್ತೊಮ್ಮೆ ರಿಸ್ಟೋರ್ ಮಾಡಿದರೆ ಬದಲಾದದ್ದು ಅಪ್‌ಡೇಟ್ ಆಗುತ್ತಲ್ವಾ?

ಇಲ್ಲ! ಮಾಂಗೋರಿಸ್ಟೋರ್ ಬರೀ ಇನ್ಸರ್ಟ್ ಮಾಡುತ್ತದೆ. ಅದೇ ಐಡಿ ಆಗಲೇ ಇದ್ದರೆ ಡೂಪ್ಲಿಕೇಟ್ ಕೀ ಅಂತ ಹೇಳಿ ಮುಂದೆ ಹೋಗುತ್ತದೆ, ಹಳೇದು ಹಳೇದಾಗಿಯೇ ಉಳಿಯುತ್ತದೆ. ಮೇಲೆ ಹೇಳಿದ ಎರಡನೇ ಹಂತಕ್ಕೆ ಇದು ಆಗುವುದಿಲ್ಲ. ಮಾಂಗೋಎಕ್ಸ್‌ಪೋರ್ಟ್‌ನಲ್ಲಿ ಕ್ವೆರಿ ಕೊಟ್ಟು ಬದಲಾದದ್ದನ್ನು ತೆಗೆದು, ಮಾಂಗೋಇಂಪೋರ್ಟ್‌ಗೆ ‘ಅಪ್‌ಸರ್ಟ್’ ಮೋಡ್ (ಇದ್ದರೆ ಬದಲಿಸು, ಇಲ್ಲದಿದ್ದರೆ ಸೇರಿಸು) ಕೊಡಿ. ಎಕ್ಸ್‌ಪೋರ್ಟ್ ಮಾಡುವಾಗ ಜೇಸಾನ್ ಮಾದರಿ ಸಂಖ್ಯೆಯ ವಿಧವನ್ನೂ ಬರೆದಿಡುವ ‘ಕೆನಾನಿಕಲ್’ ಇರಲಿ.

ಹಾಗಿದ್ದರೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಇಂಪೋರ್ಟ್‌ನಲ್ಲೇ ಮಾಡಬಹುದಲ್ಲ?

ಮಾಡಬೇಡಿ. ಇಂಡೆಕ್ಸ್ ಬರುವುದಿಲ್ಲ, ಕಲೆಕ್ಷನ್‌ನ ಸೆಟ್ಟಿಂಗ್‌ಗಳು ಬರುವುದಿಲ್ಲ. ಡೀಫಾಲ್ಟ್ ಆಗಿ ಬರುವ ‘ರಿಲ್ಯಾಕ್ಸ್ಡ್’ ಜೇಸಾನ್‌ನಲ್ಲಿ 64 ಬಿಟ್ ಸಂಖ್ಯೆ ಸಾಮಾನ್ಯ ಸಂಖ್ಯೆಯಂತೆ ಹೋಗುತ್ತದೆ, ಆ ಕಡೆ 32 ಬಿಟ್ ಆಗಿ ಕೂರಬಹುದು. ಸಿಎಸ್‌ವಿ ಆದರೆ ಇನ್ನೂ ಕಷ್ಟ. ಸೊನ್ನೆಯಿಂದ ಶುರುವಾಗುವ ಕೋಡ್ ಸ್ಟ್ರಿಂಗ್ ಆಗಿ ಹೋಗಿ ಸಂಖ್ಯೆ ಆಗಿ ಬಂದು, ಮುಂದಿನ ಸೊನ್ನೆ ಕಳೆದುಕೊಳ್ಳುತ್ತದೆ.

ಮಾಂಗೋಡಿಬಿಯ ಮೌಸ್‌ನಿಂದ ಬಳಸುವ ಟೂಲ್ ಆದ ಕಂಪಾಸ್‌ನಲ್ಲಿ ಮಾಡುವುದೂ ಇದೇ. ಸಣ್ಣ ಕಲೆಕ್ಷನ್‌ಗೆ ಓಕೆ.

ಕನ್ನಡ ಅಕ್ಷರ ಕೆಡುತ್ತಾ?

ಡಂಪ್ ಮತ್ತು ರಿಸ್ಟೋರ್‌ನಲ್ಲಿ ಕೆಡುವುದಿಲ್ಲ. ಬಿಸಾನ್ ಒಳಗಿನ ಸ್ಟ್ರಿಂಗ್‌ಗಳೆಲ್ಲ ಯುಟಿಎಫ್ 8. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ‘ನಮಸ್ಕಾರ’ ಅಂದರೆ 7 ಸಂಕೇತ, 21 ಬೈಟ್. ಹಾಗಾಗಿ ಕನ್ನಡ ಪಠ್ಯದ ಕಲೆಕ್ಷನ್ ಅಕ್ಷರ ಎಣಿಕೆಗಿಂತ ದಪ್ಪಗೆ ಕಂಡರೆ ಆಶ್ಚರ್ಯ ಬೇಡ. ಕೆಡುವುದು ನಡುವೆ ಯಾರಾದರೂ ಸಿಎಸ್‌ವಿ ತೆಗೆದು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದಾಗ.

ಕನ್ನಡ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಲು ಕಲೆಕ್ಷನ್‌ಗೆ ಕನ್ನಡ ಕೊಲೇಶನ್ ಕೊಟ್ಟಿದ್ದರೆ, ಅದು ಮೆಟಾಡೇಟಾ ಫೈಲ್‌ನಲ್ಲಿ ಇರುತ್ತದೆ, ರಿಸ್ಟೋರ್ ತಾನೇ ಹಾಕುತ್ತದೆ. ಇಂಪೋರ್ಟ್ ಹಾಕುವುದಿಲ್ಲ. ಕಲೆಕ್ಷನ್ ಒಮ್ಮೆ ಆದ ಮೇಲೆ ಅದರ ಡೀಫಾಲ್ಟ್ ಕೊಲೇಶನ್ ಬದಲಿಸಲು ಬರುವುದಿಲ್ಲ, ಮತ್ತೆ ಹೊಸದು ಮಾಡಬೇಕು.

ಎರಡೂ ಸರ್ವರ್‌ಗಳ ಆವೃತ್ತಿ ಬೇರೆ ಬೇರೆ. ನಡೆಯುತ್ತಾ?

ಒಂದೇ ಆವೃತ್ತಿ ಇದ್ದರೆ ನೆಮ್ಮದಿ. ಸಾಗಣೆ ಮತ್ತು ಅಪ್‌ಗ್ರೇಡ್ ಎರಡನ್ನೂ ಒಂದೇ ರಾತ್ರಿ ಮಾಡಿದರೆ, ತೊಂದರೆ ಬಂದಾಗ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹಳೇದರಿಂದ ಹೊಸದಕ್ಕೆ ಡಂಪ್ ಸಾಮಾನ್ಯವಾಗಿ ಹೋಗುತ್ತದೆ. ಎಡವುವುದು ಇಂಡೆಕ್ಸ್‌ನಲ್ಲಿ. ಹಿಂದಿನವರು ತಪ್ಪು ಆಯ್ಕೆ ಕೊಟ್ಟು ಮಾಡಿದ ಇಂಡೆಕ್ಸನ್ನು ಹೊಸ ಆವೃತ್ತಿ ಒಪ್ಪುವುದಿಲ್ಲ. ಅದಕ್ಕೆ ರಿಸ್ಟೋರ್‌ನಲ್ಲಿ ‘ಕನ್ವರ್ಟ್ ಲೆಗಸಿ ಇಂಡೆಕ್ಸಸ್’ ಆಯ್ಕೆ ಇದೆ. ಹೊಸದರಿಂದ ಹಳೇದಕ್ಕೆ ಹೋಗುವ ಯೋಚನೆ ಬಿಡಿ.

ಇನ್ನೊಂದು, 5.0ರಿಂದ ಇಂಟೆಲ್ ತರಹದ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್ ಸೌಲಭ್ಯ (ಪ್ರೊಸೆಸರ್‌ನ ಒಂದು ಹೆಚ್ಚುವರಿ ಸೂಚನೆಗಳ ಗುಂಪು) ಇರಲೇಬೇಕು. ಅಗ್ಗಕ್ಕೆ ಸಿಕ್ಕ ಹಳೇ ಯಂತ್ರದಲ್ಲೋ, ಎವಿಎಕ್ಸ್ ಮುಚ್ಚಿಟ್ಟ ವರ್ಚುವಲ್ ಮಶೀನ್‌ನಲ್ಲೋ ಹಾಕಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಹೇಳಿ ಏಳುವುದೇ ಇಲ್ಲ. ಸರ್ವರ್ ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಡೇಟಾ ಫೋಲ್ಡರ್‌ನಿಂದ ಆ ಕಲೆಕ್ಷನ್‌ನ ಫೈಲ್ ಮಾತ್ರ ಕಾಪಿ ಮಾಡಿದರೆ?

ಆಗುವುದಿಲ್ಲ. ಯಾವ ಫೈಲ್ ಯಾವ ಕಲೆಕ್ಷನ್‌ದು ಅನ್ನುವ ಲೆಕ್ಕ ಬೇರೆ ಫೈಲ್‌ನಲ್ಲಿ ಇರುತ್ತದೆ. ಇಡೀ ಫೋಲ್ಡರ್ ಒಯ್ಯಬಹುದು, ಸರ್ವರ್ ನಿಲ್ಲಿಸಿ, ಅದೇ ಆವೃತ್ತಿಗೆ. ಕಾಪಿ ಆದ ಮೇಲೆ ಫೈಲ್‌ಗಳ ಮಾಲೀಕ ರೂಟ್ ಆಗಿ ಉಳಿದಿದ್ದರೆ ಮಾಂಗೋಡಿ (ಸರ್ವರ್ ಪ್ರೋಗ್ರಾಂ) ಏಳುವುದಿಲ್ಲ, ಬದಲಿಸಿ.

ಯೂಸರ್‌ಗಳು, ವ್ಯೂಗಳು, ಗ್ರಿಡ್‌ಎಫ್‌ಎಸ್ ಫೈಲ್‌ಗಳು ತಾವಾಗಿ ಬರುತ್ತವಾ?

ಒಂದು ಡೇಟಾಬೇಸ್ ಮಾತ್ರ ಡಂಪ್ ಮಾಡಿದರೆ ಯೂಸರ್‌ಗಳು ಬರುವುದಿಲ್ಲ. ಹೊಸದಾಗಿ ಮಾಡಿಕೊಳ್ಳುವುದೇ ಮೇಲು, ಪಾಸ್‌ವರ್ಡ್ ಬದಲಿಸಲು ಒಂದು ನೆಪ. ವ್ಯೂನ ವಿವರ ಬರುತ್ತದೆ, ಅದು ಓದುವ ಮೂಲ ಕಲೆಕ್ಷನ್ ನೀವು ಒಯ್ಯದಿದ್ದರೆ ಖಾಲಿ ಕಾಣುತ್ತದೆ. ದೊಡ್ಡ ಫೈಲ್‌ಗಳನ್ನು ತುಂಡು ಮಾಡಿ ಇಡುವ ಗ್ರಿಡ್‌ಎಫ್‌ಎಸ್ ಅಂದರೆ ‘ಫೈಲ್ಸ್’ ಮತ್ತು ‘ಚಂಕ್ಸ್’ ಎರಡು ಕಲೆಕ್ಷನ್. ಒಂದನ್ನೇ ಒಯ್ದವರು ಫೈಲ್ ಹೆಸರು ಇಟ್ಟುಕೊಂಡು ಕೂತಿರುತ್ತಾರೆ.

ರಿಸ್ಟೋರ್ ಆದ ಐದೇ ನಿಮಿಷಕ್ಕೆ ಡಾಕ್ಯುಮೆಂಟ್ ಕಡಿಮೆ ಆಗುತ್ತಿವೆ! ಯಾರು ಅಳಿಸುತ್ತಿದ್ದಾರೆ?

ಟಿಟಿಎಲ್ ಇಂಡೆಕ್ಸ್. ಅವಧಿ ಮೀರಿದ್ದನ್ನು ಅಳಿಸುವ ಕೆಲಸ ನಿಮಿಷಕ್ಕೊಮ್ಮೆ ನಡೆಯುತ್ತದೆ. ಮೂರು ತಿಂಗಳ ಹಿಂದಿನ ಡಂಪ್ ರಿಸ್ಟೋರ್ ಮಾಡಿದರೆ ಇಂಡೆಕ್ಸ್ ಕಟ್ಟಿ ಮುಗಿಯುತ್ತಿದ್ದಂತೆ ಅರ್ಧ ಕಲೆಕ್ಷನ್ ಮಾಯ. ಲೆಕ್ಕ ತಾಳೆ ನೋಡುವ ತನಕ ‘ಟಿಟಿಎಲ್ ಮಾನಿಟರ್’ ಅನ್ನು ಆಫ್ ಮಾಡಿಡಿ, ಆಮೇಲೆ ಮರೆಯದೆ ಆನ್ ಮಾಡಿ.

ಎಲ್ಲ ಸರಿಯಾಗಿ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ?

‘ಕೌಂಟ್ ಡಾಕ್ಯುಮೆಂಟ್ಸ್’ ಓಡಿಸಿ, ‘ಎಸ್ಟಿಮೇಟೆಡ್’ ನಂಬಬೇಡಿ. ಎಣಿಕೆ ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದೂ ಒಂದೇ ಅಂತ ಏನಿಲ್ಲ. ರೈಟ್ ನಿಲ್ಲಿಸಿದ ಹೊತ್ತಲ್ಲಿ ಎರಡೂ ಕಡೆ ‘ಡಿಬಿ ಹ್ಯಾಶ್’ ಕಮಾಂಡ್‌ಗೆ ಕಲೆಕ್ಷನ್ ಹೆಸರು ಕೊಟ್ಟು ಓಡಿಸಿ, ಪ್ರತಿ ಕಲೆಕ್ಷನ್‌ಗೆ ಒಂದು ಎಂಡಿ5 (ಡೇಟಾದ ಬೆರಳಚ್ಚಿನಂಥ ಸಂಕೇತ) ಸಿಗುತ್ತದೆ. ಎರಡೂ ಕಡೆ ಅದೇ ಬಂದರೆ ಡೇಟಾ ಅದೇ. ಅದು ಓಡುವಾಗ ರೈಟ್‌ಗಳನ್ನು ತಡೆಯುತ್ತದೆ, ಆ್ಯಪ್ ಓಡುತ್ತಿರುವಾಗ ಪ್ರೊಡಕ್ಷನ್ ಮೇಲೆ ಸುಮ್ನೆ ಆಟಕ್ಕೆ ಓಡಿಸಬೇಡಿ. ಹ್ಯಾಶ್‌ನಲ್ಲಿ ಇಂಡೆಕ್ಸ್ ಸೇರಿರುವುದಿಲ್ಲ, ಅವುಗಳ ಪಟ್ಟಿಯನ್ನು ಬೇರೆಯಾಗಿ ಹೋಲಿಸಿ.

ಹಳೇ ಸರ್ವರ್ ಯಾವಾಗ ಆಫ್ ಮಾಡಬಹುದು?

ಆ್ಯಪ್‌ನ ಕನೆಕ್ಷನ್ ಸ್ಟ್ರಿಂಗ್ ಬದಲಿಸಿದ ಕೂಡಲೇ ಬೇಡ. ಮನೆ ಬದಲಿಸಿದ ಮೇಲೂ ಹಳೇ ವಿಳಾಸಕ್ಕೆ ಕೊರಿಯರ್ ಬರುತ್ತಲೇ ಇರುತ್ತದಲ್ಲ, ಹಾಗೆ. ಎಲ್ಲೋ ಒಂದು ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ), ಯಾರೋ ಬಿಟ್ಟು ಹೋದ ರಿಪೋರ್ಟ್ ಸ್ಕ್ರಿಪ್ಟ್ ಇನ್ನೂ ಅಲ್ಲಿಗೇ ಬರೆಯುತ್ತಿರುತ್ತದೆ. ಮೊದಲು ಹಳೇ ಯೂಸರ್‌ಗಳಿಗೆ ಓದುವ ಹಕ್ಕು ಮಾತ್ರ ಉಳಿಸಿ, ಬರೆಯಲು ಹೋದವರು ಕೂಗಿಕೊಳ್ಳುತ್ತಾರೆ. ಲಾಗ್‌ನಲ್ಲಿ ಯಾವ ಐಪಿಯಿಂದ ಕನೆಕ್ಷನ್ ಬರುತ್ತಿದೆ ನೋಡಿ, ಒಂದೊಂದಾಗಿ ಹಿಡಿಯಿರಿ. ತಿಂಗಳಿಗೊಮ್ಮೆ ಓಡುವ ಸ್ಕ್ರಿಪ್ಟ್‌ಗಳೂ ಇರುವುದರಿಂದ ನಾನು ಒಂದು ಒಂದನೇ ತಾರೀಖು ದಾಟುವ ತನಕ ಕಾಯುತ್ತೇನೆ. ಆಮೇಲೆ ಸರ್ವಿಸ್ ನಿಲ್ಲಿಸಿ ಒಂದು ವಾರ ಯಂತ್ರ ಹಾಗೇ ಬಿಡಿ, ಕೊನೆಯ ಡಂಪ್ ಒಂದನ್ನು ಬೇರೆ ಕಡೆ ಎತ್ತಿಟ್ಟು, ಅದನ್ನು ಎಲ್ಲಾದರೂ ಒಮ್ಮೆ ರಿಸ್ಟೋರ್ ಮಾಡಿ ತೆರೆಯುತ್ತದಾ ನೋಡಿ, ಆಮೇಲೆ ಡಿಸ್ಕ್ ಅಳಿಸಿ.